ಕೆಟ್ಟ ಹಬ್ ಬೇಕಾಗಿದೆ

ನ್ಯಾಯವಾಗಿ ನೋಡಿದರೆ ಆ ಹಬ್ ಅಮರೇಶನದು. ದುಡ್ಡು ಕೊಟ್ಟವನು ಲಿಖಿತ್ ಇರಬಹುದು, ಆದರೆ ಆರಿಸಿದವನು ಯಾರು? ಲಿಖಿತನ ಮೇಜಿನ ಮೇಲೆ ಅದು ಸಣ್ಣ ಬಿಳಿ ದೀಪ ಹೊತ್ತಿಸಿಕೊಂಡು ರಾಜನ ಹಾಗೆ ಕೂತಿರುವುದನ್ನು ಕಂಡಾಗಲೆಲ್ಲ ಅಮರೇಶನಿಗೆ ಹೊಟ್ಟೆ ಉರಿಯುತ್ತಿತ್ತು.

ವೈಟ್‌ಫೀಲ್ಡಿನ ಆ ಆಫೀಸಿನಲ್ಲಿ ಅವರಿಬ್ಬರಿಗೆ ಮಾತ್ರ ಹೊಸ ಲ್ಯಾಪ್‌ಟಾಪ್ ಬಂದಿತ್ತು. ಹಪ್ಪಳದಷ್ಟು ತೆಳು, ನೋಡಲು ಚೆಂದವೋ ಚೆಂದ. ಆದರೆ ಅದಕ್ಕಿರುವುದು ಎರಡೇ ಟೈಪ್-ಸಿ ತೂತು. ಒಂದಕ್ಕೆ ಚಾರ್ಜರ್ ಹೋಯಿತು ಅನ್ನಿ. ಮೌಸು, ಪೆನ್‌ಡ್ರೈವು, ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ಲು ಇವೆಲ್ಲ ಎಲ್ಲಿಗೆ ಹೋಗಬೇಕು? ಅದಕ್ಕೇ ಹಬ್. ಒಂದು ತೂತಿಗೆ ಸಿಕ್ಕಿಸಿದರೆ ಬೇಕಾದಷ್ಟು ತೂತು ಕೊಡುವ ಪುಟ್ಟ ಡಬ್ಬಿ.

ಬೇರೆ ಯಾರಾದರೂ ಆಗಿದ್ದರೆ ಒಂದು ಸಂಜೆಯಲ್ಲಿ ಕೊಂಡು ಮುಗಿಸುತ್ತಿದ್ದರು. ಅಮರೇಶ ಹಾಗೆ ಕೊಳ್ಳುವವನಲ್ಲ. ಅವನ ಮನೆಗೆ ಮಿಕ್ಸಿ ಬಂದದ್ದು ಹೆಂಡತಿ ಸ್ಪೂರ್ತಿ ವರ್ಷವಿಡೀ ಕಲ್ಲಿನಲ್ಲಿ ಚಟ್ನಿ ಅರೆದ ಮೇಲೆ. ಯುಗಾದಿಯಲ್ಲಿ ಹಬ್ ಹುಡುಕಲು ಕೂತವನು ಗೌರಿ ಹಬ್ಬ ಬಂದರೂ ಏಳಲಿಲ್ಲ. ಚಾರ್ಜು ಎಷ್ಟು ವ್ಯಾಟ್ ಒಳಗೆ ಬಿಡುತ್ತದೆ, ಚಿತ್ರ ನಡುಗುತ್ತದೆಯೇ, ವೈರು ಗಿಡ್ಡವೋ ಉದ್ದವೋ, ಯಾವ ದೇಶದ ಯಾವ ಪುಣ್ಯಾತ್ಮ ಏನೆಂದು ಬೈದಿದ್ದಾನೆ, ಎಲ್ಲವನ್ನೂ ಓದಿದ. ಕೊನೆಗೂ ಒಂದನ್ನು ಆರಿಸಿದ. ಆ ಸಂತೋಷ ತಡೆಯಲಾರದೆ ಟೀ ಅಂಗಡಿ ಮುಂದೆ ನಿಂತು ಲಿಖಿತನಿಗೆ ಅದರ ಗುಣಗಾನ ಮಾಡಿದ.

ಲಿಖಿತ್ ಟೀ ಲೋಟ ಕೆಳಗಿಡುವ ಮೊದಲೇ ಮೊಬೈಲಿನಲ್ಲಿ ಅದನ್ನು ಆರ್ಡರ್ ಮಾಡಿಬಿಟ್ಟ.

“ನೀನ್ ಹೇಳಿದ್ದನ್ನೇ ತಗೊಂಡೆ ಗುರು. ನಂಗೆ ಇವೆಲ್ಲ ತಲೆಗೆ ಹೋಗಲ್ಲ. ಥ್ಯಾಂಕ್ಸ್ ಮಗಾ!”

ಆ ರಾತ್ರಿ ಅಮರೇಶ ಕೊಳ್ಳಲು ಹೋದರೆ ಮಾಲು ಖಾಲಿ. ಇನ್ನು ಆ ಮಾಡೆಲ್ಲೇ ಬರುವುದಿಲ್ಲವಂತೆ. ಅಯ್ಯೋ ಶಿವನೇ!

ಇದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ದಸರಾ ಮುಗಿದ ಕೂಡಲೇ ಪೀಣ್ಯದ ಕಾರ್ಖಾನೆ ಮಾಲೀಕ ಚಿಕ್ಕಬೈರಪ್ಪನವರು ಡೆಮೊ ನೋಡಲು ಬರುವುದೆಂದಾಯಿತು. ಅವರ ಕಾರ್ಖಾನೆಯ ಮೆಷಿನ್‌ಗಳು ಓಡುತ್ತಿವೆಯೋ ನಿಂತಿವೆಯೋ ಎಂದು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಅದು. ಮುಕ್ಕಾಲು ಪಾಲು ಕೆಲಸ ಅಮರೇಶನದು. ಡೆಮೊ ತೋರಿಸಿದವನೇ ಆ ಪ್ರಾಜೆಕ್ಟಿಗೆ ಲೀಡ್ ಎಂದು ಮ್ಯಾನೇಜರ್ ಶಶಿಕಲಾ ಬಾಯಿಬಿಟ್ಟೇ ಹೇಳಿದ್ದರು. ಹೇಳಿದವರು ಮರುದಿನ ಇನ್ನೊಂದು ಮಾತೂ ಹೇಳಿದರು.

“ಲಿಖಿತ್ ಹತ್ರ ಹಬ್ ಇದೆಯಲ್ಲ ಅಮರೇಶ್, ಅವನೇ ತೋರಿಸ್ಲಿ ಬಿಡಿ. ಕ್ಲೈಂಟ್ ಮುಂದೆ ವೈರ್ ಹುಡುಕ್ತಾ ಕೂರಕ್ಕಾಗಲ್ಲ.”

“ಮೇಡಂ, ನಾನೂ ಒಂದು ತಗೋತೀನಿ.”

“ನೀವಾ?” ಎಂದು ಶಶಿಕಲಾ ನಕ್ಕರು. ಆ ನಗುವಿನಿಂದಲೇ ಅಮರೇಶ ಅಪರಾಧಿಯಾದ.

ಉಪಾಯ ಹೊಳೆದದ್ದು ಬಸ್ಸಿನಲ್ಲಿ. ಮಾರತ್ತಹಳ್ಳಿ ಸೇತುವೆಯ ಹತ್ತಿರ ಬಸ್ಸು ನಿಂತಲ್ಲೇ ನಿಂತಿದ್ದರಿಂದ ಯೋಚಿಸಲು ಬೇಕಾದಷ್ಟು ಸಮಯವಿತ್ತು. ಹಬ್ ಕದ್ದರೆ ಲಿಖಿತ್ ಎಲ್ಲಿಂದಲೋ ಇನ್ನೊಂದು ತಂದಾನು. ಕದಿಯುವುದಲ್ಲ, ಬದಲಿಸುವುದು. ನೋಡಲು ಅಚ್ಚು ಅದೇ ಥರ ಇರುವ, ಆದರೆ ಕೆಲಸಕ್ಕೆ ಬಾರದ ಹಬ್ ಒಂದನ್ನು ಅಲ್ಲಿಡುವುದು. ಅದು ಶುರುವಿನಲ್ಲೇ ಸತ್ತರೆ ಪ್ರಯೋಜನವಿಲ್ಲ, ಯಾರಾದರೂ ಬೇರೆ ವ್ಯವಸ್ಥೆ ಮಾಡಿಬಿಡುತ್ತಾರೆ. ಡೆಮೊ ಅರ್ಧಕ್ಕೆ ಬಂದು, ಚಿಕ್ಕಬೈರಪ್ಪನವರು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಪರದೆ ಕಪ್ಪಾಗಬೇಕು. ಆಗ ಅಮರೇಶ ಎದ್ದು, ಜೇಬಿನಿಂದ ನಿಜವಾದ ಹಬ್ ತೆಗೆದು, ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಮಾನ ಉಳಿಸಬೇಕು. ಎಲ್ಲಿಂದ ಬಂತು ಎಂದು ಕೇಳಿದರೆ ಸ್ಪೂರ್ತಿಯ ತಮ್ಮ ದುಬೈನಿಂದ ತಂದದ್ದು.

ಹೀಗೆ ಅಮರೇಶ ಮತ್ತೆ ಹಬ್ ಆರಿಸಲು ಕೂತ. ಈ ಸಲ ಒಂದು ಸ್ಟಾರ್ ಬಂದವುಗಳನ್ನಷ್ಟೇ ಓದಿದ. ಓದಿ ಸಮಾಧಾನವಾಗದೆ ಮಾರತ್ತಹಳ್ಳಿಯ ಅಂಗಡಿ ಅಂಗಡಿ ಸುತ್ತಿದ. ಕೊನೆಗೆ ದೇವರಾಜ್ ಎಂಬವನ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಲಿಖಿತನ ಹಬ್‌ನ ಅವಳಿ ತಮ್ಮನಂಥವು ಸಾಲಾಗಿ ಮಲಗಿದ್ದವು.

“ಅಣ್ಣ, ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದು?”

“ಬೋಣಿ ಟೈಮಲ್ಲಿ ಯಾಕ್ ಸಾರ್ ಹಿಂಗಂತೀರಾ? ನಮ್ಮಂಗಡೀಲಿ ಕೆಟ್ಟ ಮಾಲೇ ಇಡಲ್ಲ.”

“ಬೇಜಾರ್ ಮಾಡ್ಕೋಬೇಡಿ. ಯಾರಾದ್ರೂ ಬೈದು ವಾಪಸ್ ಕೊಟ್ಟಿದ್ದು ಇದ್ರೆ ತೋರ್ಸಿ.”

ದೇವರಾಜ್ ಅವನನ್ನು ಮೇಲಿಂದ ಕೆಳಗೆ ನೋಡಿ, ಕೌಂಟರಿನ ಅಡಿಯಿಂದ ಒಂದನ್ನು ತೆಗೆದ. “ಇದು ಬಿಸಿಯಾದ್ರೆ ಡಿಸ್‌ಪ್ಲೇ ಆಫ್ ಆಗತ್ತೆ. ಒಬ್ಬರು ಮುಖಕ್ಕೇ ಎಸ್ದು ಹೋದ್ರು.”

“ಖಂಡಿತ ಆಫ್ ಆಗತ್ತಾ? ಆಮೇಲೆ ಮೋಸ ಆಗ್ಬಾರ್ದು.”

“ಸಾರ್,” ಎಂದ ದೇವರಾಜ್ ದನಿ ತಗ್ಗಿಸಿ, “ಮನೇಲಿ ಎಲ್ಲಾ ಚೆನ್ನಾಗಿದಾರಾ?”

ಕಣ್ಣು ಮುಚ್ಚಿಕೊಂಡು ನಂಬುವ ಜಾಯಮಾನ ಅಮರೇಶನದಲ್ಲ. ಮನೆಗೆ ತಂದು ಪರೀಕ್ಷೆ ಮಾಡಿದ. ಅವರದು ಮೇಲಿನ ಮಹಡಿ, ಪಡುವಣ ಗೋಡೆ, ಧೂಳಿಗೆ ಹೆದರಿ ಕಿಟಕಿ ತೆಗೆಯುವಂತಿಲ್ಲ. ಬನಿಯನ್ನಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಹಬ್ಬನ್ನು ಟಿವಿಗೆ ಸಿಕ್ಕಿಸಿ ಇಡೀ ಡೆಮೊ ಓಡಿಸಿದ. ಮೊದಲು ಎಲ್ಲ ಸರಾಗ. ಸಾಲು ಸಾಲು ಮೆಷಿನ್‌ಗಳು ಒಟ್ಟಿಗೆ ತಿರುಗುವ ಜಾಗ ಬಂದದ್ದೇ ತಡ, ಪರದೆ ಕಪ್ಪು. ಮತ್ತೆ ಓಡಿಸಿದ. ಅದೇ ಜಾಗ, ಅದೇ ಕಪ್ಪು. ದಿನಾ ಸಂಜೆ ಪರೀಕ್ಷಿಸಿದ. ಒಂದು ಸಲವೂ ಅದು ಮಾತು ತಪ್ಪಲಿಲ್ಲ.

“ಮತ್ತ ಆಫ್ ಆತು ನೋಡ್ರಿ,” ಎಂದಳು ಸ್ಪೂರ್ತಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. “ಕೆಟ್ಟ ಸಾಮಾನು ತಂದೀರಿ. ವಾಪಸ್ ಕೊಟ್ಟು ಬರ್ರಿ.”

“ಇಲ್ಲ, ಭಾಳ ಚಲೋ ಐತಿ,” ಎಂದ ಅಮರೇಶ. ನಿಜಕ್ಕೂ ಅವನಿಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು.

ಬದಲಿಸಲು ಅವನು ಆರಿಸಿದ ಮುಹೂರ್ತವಂತೂ ಅಮೋಘ. ಆಫೀಸಿನ ಆಯುಧಪೂಜೆ! ಅಂದು ಎಲ್ಲರ ಲ್ಯಾಪ್‌ಟಾಪು, ಕೀಬೋರ್ಡು, ಚಾರ್ಜರು ಎಲ್ಲ ಒಂದೇ ಮೇಜಿನ ಮೇಲೆ ಚಾಮುಂಡಿ ಫೋಟೋದ ಮುಂದೆ ರಾಶಿ ಬೀಳುತ್ತವೆ. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ರಜೆ ಮುಗಿಸಿ ಬಂದ ಬೆಳಿಗ್ಗೆಯೇ ಡೆಮೊ. ಅಂದರೆ ಲಿಖಿತನಿಗೆ ತನ್ನ ಹಬ್ಬನ್ನು ಒಮ್ಮೆ ಸಿಕ್ಕಿಸಿ ನೋಡಲೂ ಅವಕಾಶವಿಲ್ಲ. ಪೊಲೀಸ್ ಕಾವಲು ಹಾಕಿಸಿದರೂ ಇಷ್ಟು ಬಿಗಿಯಾಗಿರುತ್ತಿರಲಿಲ್ಲ.

ಎಂದೂ ಮುಂದೆ ಬಾರದ ಅಮರೇಶ ಆ ದಿನ ಪಂಚೆ ಉಟ್ಟು ಬಂದು, ಪೂಜೆಯ ಸಾಮಾನು ಜೋಡಿಸುವ ಹೊಣೆ ತಾನೇ ಹೊತ್ತ.

“ಲಿಖಿತ್, ನಿನ್ ಹಬ್ ಇಡಲ್ವಾ?”

“ಅಯ್ಯೋ ಮರ್ತೇಬಿಟ್ಟಿದ್ದೆ ಗುರು! ತಗೋ. ನೀನಲ್ದೆ ಇನ್ಯಾರ್ ನೆನಪಿಸ್ತಾರೆ ಹೇಳು.”

ತಟ್ಟೆಯಲ್ಲಿ ಸೇವಂತಿಗೆ, ತಟ್ಟೆಯ ಮೇಲೆ ಶಲ್ಯ. ಶಲ್ಯದ ಕೆಳಗೆ ಒಂದು ಹೋಗಿ ಇನ್ನೊಂದು ಬಂತು. ಮಂಗಳಾರತಿಯಾಯಿತು, ಬೂದುಗುಂಬಳ ಒಡೆಯಿತು, ದೇವರಾಜನ ಮುಖಕ್ಕೆ ಬಂದು ಬಿದ್ದಿದ್ದ ಹಬ್ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮೆರೆಯಿತು. ತಾಯಿ, ಕ್ಷಮಿಸಮ್ಮ ಎಂದು ಅಮರೇಶ ಕೆನ್ನೆ ಬಡಿದುಕೊಂಡ. ಆಮೇಲೆ ಕಡಲೆಪುರಿ ಎರಡು ಸಲ ಹಾಕಿಸಿಕೊಂಡ.

ರಜೆಯಲ್ಲಿ ಕದ್ದ ಹಬ್ಬನ್ನು ಬಳಸಲು ಕೈ ತುರಿಸಿದರೂ ಬ್ಯಾಗಿನಿಂದ ತೆಗೆಯಲಿಲ್ಲ. ಸ್ನಾನದ ಮನೆಯ ಕನ್ನಡಿಯೆದುರು ಮಾತನ್ನಷ್ಟೇ ಅಭ್ಯಾಸ ಮಾಡಿದ. ಗಾಬರಿ ಬೇಡ ಎಂದು ಶುರುಮಾಡಿ, ಏನು ಕೆಟ್ಟಿದೆ ಎಂದು ಥಟ್ಟನೆ ಹೇಳಬೇಕು. ಬರೀ ಹಬ್ ಕೊಟ್ಟರೆ ಸಹಾಯಕ. ರೋಗವನ್ನೂ ಹೇಳಿದರೆ ಲೀಡ್. ಇನ್ನೊಂದು ಎಚ್ಚರ: ಡೆಮೊ ನಡೆಯುವಾಗ ಪರದೆಯನ್ನು ನೋಡಲೇಬಾರದು. ನೋಡಿದರೆ ಕಾಯುತ್ತಿದ್ದಾನೆ ಎಂದು ಮುಖವೇ ಹೇಳಿಬಿಡುತ್ತದೆ.

ಆ ಬೆಳಿಗ್ಗೆ ಅವನು ಕಾನ್ಫರೆನ್ಸ್ ರೂಮಿನಲ್ಲಿ ತಲೆ ತಗ್ಗಿಸಿ ಕೂತ. ಲಿಖಿತ್ ಹಬ್ ಸಿಕ್ಕಿಸಿದ, ಡೆಮೊ ಶುರುವಾಯಿತು. ಅಮರೇಶನಿಗೆ ಪ್ರತಿ ಸ್ಲೈಡೂ ಬಾಯಿಪಾಠ. ಲಿಖಿತನ ಮಾತು ಕೇಳುತ್ತಲೇ ಎಲ್ಲಿಗೆ ಬಂತು ಎಂದು ಲೆಕ್ಕ ಹಿಡಿದ. ಕೈ ನಡುಗುತ್ತಿತ್ತು. ಹೆದರಿಕೆಗೆ ಇರಬೇಕು ಅಂದುಕೊಂಡ. “ಈಗ ಎಲ್ಲಾ ಮೆಷಿನ್ ಒಟ್ಟಿಗೆ ನೋಡೋಣ ಸಾರ್,” ಎಂದ ಲಿಖಿತ್. ಅದೇ ಜಾಗ. ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಚಿಕ್ಕಬೈರಪ್ಪನವರ ದನಿ: “ಅಯ್ಯಯ್ಯಪ್ಪಾ! ಇದೇನಪ್ಪಾ ಇದು!”

ಅಮರೇಶ ಎದ್ದೇಬಿಟ್ಟ. ಜೇಬಿನಲ್ಲಿದ್ದ ಹಬ್ಬನ್ನು ಎತ್ತಿ ಹಿಡಿದು, “ಗಾಬರಿ ಬೇಡ ಸಾರ್! ಲಿಖಿತ್ ಹಬ್ ಬಿಸಿಯಾಗಿ ಡಿಸ್‌ಪ್ಲೇ ಆಫ್ ಆಗಿದೆ, ಅಷ್ಟೆ. ನನ್ನ ಹತ್ರ ಇನ್ನೊಂದಿದೆ!” ಎಂದ. ಸ್ಪಷ್ಟವಾಗಿ, ಗಂಭೀರವಾಗಿ, ಕನ್ನಡಿಯೆದುರು ಹೇಳಿದ್ದಕ್ಕಿಂತ ಚೆನ್ನಾಗಿ.

ಎಲ್ಲರ ತಲೆಯೂ ಅವನತ್ತ ತಿರುಗಿತು. ಅಮರೇಶ ಮೊದಲ ಸಲ ಪರದೆಯತ್ತ ನೋಡಿದ. ಮೆಷಿನ್‌ಗಳೆಲ್ಲ ಗಿರಗಿರನೆ ತಿರುಗುತ್ತಿದ್ದವು; ಚಿಕ್ಕಬೈರಪ್ಪನವರು ತಮ್ಮ ಕಾರ್ಖಾನೆಯನ್ನೇ ಕಂಡು ಬೆರಗಾಗಿ ಕೂಗಿದ್ದರು. “ಆಫ್ ಆಗತ್ತೆ ಅಂತ ನಿಮಗ್ಯಾರ್ ಹೇಳಿದ್ರು ಅಮರೇಶ್?” ಎಂದು ಶಶಿಕಲಾ ನಿಧಾನವಾಗಿ ಕೇಳಿದರು. ಅವರ ಕಣ್ಣು ಮೇಜಿನ ಮೇಲಿನ ಹಬ್‌ನಿಂದ ಅವನ ಕೈಯಲ್ಲಿದ್ದುದಕ್ಕೆ, ಅಲ್ಲಿಂದ ಮತ್ತೆ ಮೇಜಿಗೆ ಹೋಯಿತು. ಲಿಖಿತ್ ಮೇಜಿನ ಮೇಲಿದ್ದುದನ್ನು ಮುಟ್ಟಿ ನೋಡಿದ. “ಬಿಸಿ ಎಲ್ಲಿ ಗುರು? ಐಸ್‌ಕ್ಯಾಂಡಿ ಆಗಿದೆ.” ಮೂಲೆಯಲ್ಲಿ ಚಿಕ್ಕಬೈರಪ್ಪನವರು ಟವೆಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಮುದುಡಿ ಕೂತಿದ್ದರು. “ಅದೇನಾರ ಆಗ್ಲವ್ವ, ಮೊದ್ಲು ಆ ಏಸಿ ಆರ್ಸಿ. ಬಂದಾಗಿಂದ ಕೈಕಾಲೆಲ್ಲ ಸೆಟ್ಕಂಡವೆ.” ಅಮರೇಶ ತಲೆಯೆತ್ತಿ ನೋಡಿದ. ನೆತ್ತಿಯ ಮೇಲೆ ಏಸಿ ಬುಸುಗುಡುತ್ತಿತ್ತು, ಹದಿನಾರು ಡಿಗ್ರಿ.