ಗಿಣಿಹಸಿರು ಸೀರೆಗೆ ಕತ್ತರಿ

"ಈ ಕೌದಿ ಬೇಡ್ವಂತೆ ಕನಮ್ಮ!"

ಬಾಗಿಲಲ್ಲಿ ನಿಂತಿದ್ದ ಗಂಡಸಿನ ಹೆಗಲ ಮೇಲೆ, ತಾನು ಇಪ್ಪತ್ತು ದಿನ ಕೂತು ಹೊಲಿದ ಕೌದಿಯನ್ನು ಕಂಡು ಕೆಂಪಾಜಿಗೆ ಮೈಯೆಲ್ಲ ಉರಿದುಹೋಯಿತು.

"ಬೇಡ್ವಾ? ಯಾಕಂತೆ?"

"ಅಗಲ ಸಾಲ್ದಂತೆ."

"ಅಳತೆ ಕೊಟ್ಟೋರು ಅವ್ರೇ ತಾನೆ? ಅಲ್ಲೇ ಒಂದು ಮಾತು ಕೇಳ್ಬಾರ್ದಾಗಿತ್ತಾ ನೀವು? ಬಾಯಿ ಇಲ್ವಾ?"

ಅವನು ಕೌದಿಯನ್ನು ಜೋಪಾನವಾಗಿ ಜಗುಲಿಯ ಮೇಲೆ ಇಳಿಸಿದ. ಎತ್ತರದ ಆಳು, ತಲೆಗೆ ಮಾಸಿದ ರುಮಾಲು. ಎರಡು ಹೆಜ್ಜೆ ಹೋದವನು ಮತ್ತೆ ತಿರುಗಿದ.

"ನಾನು ಹೊಸ ಗಾಡಿಯವ್ನು. ಇವತ್ತೇ ಮೊದ್ಲು. ಘಟ್ಟ ಇಳೀವಾಗ ಚಳಿ ತಡೀನಾರ್ದೆ ಇದ್ನ ಹೊದ್ಕಂಡು ಬಂದ್ಬುಟ್ಟೆ. ತಪ್ಪು ತಿಳ್ಕಬೇಡಿ... ಬಾಳ ಬೆಚ್ಚಗದೆ."

ಬೇರೆ ಯಾರಾದರೂ ಆಗಿದ್ದರೆ ಕೆಂಪಾಜಿ ಜಗಳಕ್ಕೇ ನಿಲ್ಲುತ್ತಿದ್ದಳು. ಗಿರಾಕಿಯ ಕೌದಿಯನ್ನು ಗಾಡಿಯವನು ಹೊದೆಯುವುದೇ! ಆದರೆ ಐದು ವರ್ಷದಿಂದ ಅವಳು ಹೊಲಿದ ಯಾವ ಕೌದಿಯನ್ನೂ ಯಾರೂ ಬೆಚ್ಚಗಿದೆ ಎಂದು ಹೇಳಿರಲಿಲ್ಲ. ಅಗಲ, ಉದ್ದ, ಬಣ್ಣ... ಎಲ್ಲರಿಗೂ ಅಷ್ಟೇ ಬೇಕು. ಅವಳು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಮಸಿನಗುಡಿಯ ಬೀದಿಯ ಕೊನೆ ಮುಟ್ಟಿತ್ತು.

ಅದು ಸಾವಿರದ ಒಂಬೈನೂರ ಇಪ್ಪತ್ತಾರರ ಕಾರ್ತೀಕ ಮಾಸ. ಕೆಂಪಾಜಿಗೆ ಆಗ ಇಪ್ಪತ್ಮೂರು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳೂ ಅವಳ ಅತ್ತೆ ಲಿಂಗಾಜಮ್ಮನೂ ಸೂಜಿಯನ್ನೇ ನಂಬಿ ಬದುಕುತ್ತಿದ್ದರು. ಊಟಿ ಕಡೆಯ ಮನೆಗಳಿಂದ ಹಳೆಯ ಸೀರೆಗಳು ಗಂಟು ಕಟ್ಟಿಕೊಂಡು ಗಾಡಿಯಲ್ಲಿ ಇಳಿದು ಬರುತ್ತಿದ್ದವು. ಅವನ್ನು ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಒತ್ತೊತ್ತಾಗಿ ಹೊಲಿದು, ಕೌದಿ ಮಾಡಿ ಅದೇ ಗಾಡಿಯಲ್ಲಿ ಮೇಲಕ್ಕೆ ಕಳಿಸುವುದು. ಕೂಸುಗಳಿಗೆ ಕುಲಾವಿ, ಬಾಣಂತಿಯರಿಗೆ ಕುಪ್ಪಸ, ಉಳಿದ ಚೂರುಗಳಲ್ಲಿ ಎಲೆಯಡಿಕೆ ಚೀಲ.

ಆ ಹೊಸ ಗಾಡಿಯವನ ಹೆಸರು ಗುರುಸ್ವಾಮಿ. ಪಕ್ಕದ ಮಾವನಲ್ಲ ಎಂಬ ಊರಲ್ಲಿ ಚೂರು ಹೊಲ, ಒಂದು ಜೊತೆ ಎತ್ತು, ಹಿಂದೆ ಮುಂದೆ ಯಾರೂ ಇಲ್ಲ.

ವಾರಕ್ಕೊಮ್ಮೆ ಬರುತ್ತಿದ್ದ. ಗಂಟು ಇಳಿಸುವುದು, ನೀರು ಕುಡಿಯುವುದು, ಹೋಗುವುದು. ಒಮ್ಮೊಮ್ಮೆ ಕೇಳದೆಯೇ ಸೂಜಿ ತಂದುಕೊಡುತ್ತಿದ್ದ. ಒಮ್ಮೆ ಅವಳ ಕತ್ತರಿಯನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ಸಾಣೆ ಹಿಡಿಸಿ ತಂದ. ಆ ವಾರವೆಲ್ಲ ಅವಳು ಕತ್ತರಿ ಹುಡುಕಿ ಹುಡುಕಿ ಅತ್ತೆಯ ಮೇಲೆ ರೇಗಿದ್ದಳು!

"ಹೇಳಿ ತಗಂಡ್ ಹೋಗ್ಬಾರ್ದಾ ಗಾಡಿಯವ್ರೇ?"

"ಹೇಳಾನ ಅಂತಿದ್ದೆ..."

ಎಲ್ಲದಕ್ಕೂ ಅದೇ ಉತ್ತರ. ಹೇಳೋಣ ಅಂತಿದ್ದೆ! ಈ ಮನುಷ್ಯ ಹೇಳೋಣ ಅಂತಿದ್ದು ಹೇಳದೆ ಉಳಿಸಿಕೊಂಡ ಮಾತುಗಳನ್ನು ಗಾಡಿಗೆ ಹೇರಿದ್ದರೆ ಎತ್ತುಗಳು ಘಟ್ಟ ಹತ್ತುತ್ತಿರಲಿಲ್ಲ.

ಕೆಂಪಾಜಿಗೆ ಅವನ ಮೇಲೆ ಮನಸ್ಸಾಗಿತ್ತು. ಗಾಡಿಯ ಗಂಟೆ ಕೇಳಿದರೆ ಕೈ ತಾನಾಗಿ ನಿಂತುಹೋಗುತ್ತಿತ್ತು. ಅದಕ್ಕೇ ಅವಳಿಗೆ ತನ್ನ ಮೇಲೂ ಸಿಟ್ಟು.

*ನಿಂಗ್ಯಾಕೆ ಈ ಆಸೆ? ಅವ್ರೇನು ಬಾಯಿ ಬಿಟ್ಟು ಹೇಳವ್ರಾ?*

ಇತ್ತ ವಸಂತಾಮಣಿಯ ಕಾಟ. ಊಟಿ ಪಕ್ಕದ ಹಟ್ಟಿಯಲ್ಲಿ ಆಲೂಗಡ್ಡೆ ಬೆಳೆಯುವ ದೊಡ್ಡ ಮನೆಯ ಹೆಂಗಸು. ಮಗಳ ಚೊಚ್ಚಲ ಬಾಣಂತನಕ್ಕೆ ಕೌದಿ ಬೇಕು. ಆದರೆ ಯಾವುದೂ ಒಪ್ಪಿಗೆಯಿಲ್ಲ! ಮೊದಲು ಅಗಲ ಸಾಲದು ಎಂದಳು. ಆಮೇಲೆ ಅಂಚು ಸೊಟ್ಟ ಎಂದಳು. ಮೂರನೆಯ ಸಲ ಗುರುಸ್ವಾಮಿಯ ಬಾಯಲ್ಲಿ ಮಾತು ಬಂತು, "ಹಸುರು ಬೇಕಂತೆ. ಹಸುರು ಸೀರೆ ಕಳಿಸ್ತಾರಂತೆ."

ಎರಡು ಸಲ ಬಿಚ್ಚಿ ಹೊಲಿದು ಬೆರಳುಗಳು ತೂತು ತೂತಾಗಿದ್ದವು. ಕೌದಿಯನ್ನು ಒಲೆಗೆ ಹಾಕಿಬಿಡಬೇಕು ಅನ್ನಿಸಿತ್ತು ಕೆಂಪಾಜಿಗೆ.

ಯುಗಾದಿ ಕಳೆದ ಮಾರನೆಯ ವಾರ ಗುರುಸ್ವಾಮಿ ಗಂಟು ತಂದ. ಎಂದಿನಂತೆ ಇಳಿಸಿದವನು ಹೋಗಲೇ ಇಲ್ಲ. ರುಮಾಲು ಬಿಚ್ಚಿದ, ಸುತ್ತಿದ, ಮತ್ತೆ ಬಿಚ್ಚಿದ.

"ಏನು ಗಾಡಿಯವ್ರೇ?"

"ಗಂಟಲ್ಲಿ... ಒಂದು ಸೀರೆ ಅದೆ. ನೋಡಿ. ಆಮೇಲೆ ನಿಮ್ಮಿಷ್ಟ."

ಅಷ್ಟು ಹೇಳಿ, ನೀರನ್ನೂ ಕುಡಿಯದೆ ಗಾಡಿ ಹೊಡೆದುಕೊಂಡು ಹೋದ.

ಗಂಟು ಬಿಚ್ಚಿದಳು. ನಾಲ್ಕು ಹಳೆಯ ಸೀರೆಗಳ ನಡುವೆ ಒಂದು ಗಿಣಿಹಸಿರು ಸೀರೆ. ಕೆಂಪು ಅಂಚು. ಮಡಿಕೆ ಮುರಿಯದ ಹೊಚ್ಚ ಹೊಸದು!

ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ಅವರ ಜನರಲ್ಲಿ ಗಂಡನನ್ನು ಕಳೆದುಕೊಂಡವಳನ್ನು ಮತ್ತೆ ಮದುವೆಯಾಗಲು ಬಯಸಿದವನು ಅವಳಿಗೆ ಒಂದು ಹೊಸ ಸೀರೆ ಕೊಡುತ್ತಾನೆ. ಅವಳು ಅದನ್ನು ಉಟ್ಟರೆ ಒಪ್ಪಿದಂತೆ. ಸೀರೆ ಉಡಿಕೆ ಎನ್ನುತ್ತಾರೆ ಅದಕ್ಕೆ.

*ಇದು... ಅದಾ? ಅವ್ರು ಕೊಟ್ಟಿದ್ದಾ?*

ಬೆರಳ ತುದಿಯಿಂದ ಅಂಚನ್ನು ಮುಟ್ಟಿದಳು. ಆಮೇಲೆ ಸೀರೆ ಎತ್ತಿಕೊಂಡು ಒಳಗೆ ಓಡಿದಳು.

"ಅತ್ತೆಮ್ಮ, ಇದು ಯಾರ ಸೀರೆ? ಗಾಡಿಯವ್ರು ನಿಮ್ಗೇನಾದ್ರೂ ಹೇಳಿದ್ರಾ?"

ಲಿಂಗಾಜಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗೇನು ಗೊತ್ತು? ಆ ವಸಂತಾಮಣಿ ಹಸುರು ಕಳಿಸ್ತೀನಿ ಅಂದಿದ್ಲಲ್ಲ..."

ಹೌದಲ್ಲ! ಕೆಂಪಾಜಿಯ ಮುಖ ಸಪ್ಪಗಾಯಿತು. ಆಲೂಗಡ್ಡೆ ಮಾರಿ ಕೊಬ್ಬಿದವಳಿಗೆ ಹೊಸ ಸೀರೆ ಒಂದು ಲೆಕ್ಕವೇ? ಕಳಿಸಿದ್ದಾಳೆ. ಇವಳು ನೋಡಿದರೆ ಗಾಡಿಯವನು ತನಗೆ ತಂದ ಅಂತ ಕನಸು ಕಟ್ಟಿಬಿಟ್ಟಳು. ಥೂ!

ನಾಚಿಕೆಗೂ ಸಿಟ್ಟಿಗೂ ಕಣ್ಣಲ್ಲಿ ನೀರು ಬಂತು. ಆ ಸೀರೆ ಇನ್ನೊಂದು ಗಳಿಗೆ ಇಡಿಯಾಗಿ ಕಣ್ಣೆದುರು ಇದ್ದರೆ ತಾನು ಹುಚ್ಚಿಯಾಗುತ್ತೇನೆ ಅನ್ನಿಸಿತು. ಕತ್ತರಿ ತೆಗೆದಳು.

ಅಯ್ಯೋ ಹುಡುಗಿ, ಒಂದು ಗಳಿಗೆ ತಡೆಯಬಾರದಿತ್ತೇ!

ಕತ್ತರಿ ಕರಕರ ಓಡಿತು. ಒಂಬತ್ತು ತುಂಡು. ಅತ್ತೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದಳು.

ಮುಂದಿನ ವಾರ ಗುರುಸ್ವಾಮಿ ಬಂದಾಗ ಕೆಂಪಾಜಿ ಜಗುಲಿಯಲ್ಲಿ ಕೌದಿ ಹಾಸಿಕೊಂಡು ಹೊಲಿಯುತ್ತಿದ್ದಳು. ಅವನು ಒಮ್ಮೆ ಅವಳುಟ್ಟ ಮಾಸಲು ಕಂದು ಸೀರೆಯನ್ನು ನೋಡಿದ. ಒಮ್ಮೆ ಕೌದಿಯನ್ನು ನೋಡಿದ. ಹಸಿರಿನ ಮೇಲೆ ಅವನ ಕಣ್ಣು ನಿಂತಿತು.

"ನೋಡಿ, ಹಸುರು ಹಾಕಿದ್ದಾಯ್ತು," ಎಂದಳು ಕೆಂಪಾಜಿ ಒರಟಾಗಿ. "ಇನ್ನಾದ್ರೂ ಮನಸ್ಸು ತಣ್ಣಗಾಗ್ಲಿ!"

ವಸಂತಾಮಣಿಗೆ ಅಂದ ಮಾತು. ಅವನಿಗೆ ಹೇಗೆ ಗೊತ್ತಾಗಬೇಕು?

ಅವನು ಕೌದಿಯಿಂದ ಕಣ್ಣು ಕಿತ್ತು ಎತ್ತುಗಳ ಕಡೆ ತಿರುಗಿದ.

"ಆಯ್ತು," ಎಂದ ಮೆಲ್ಲಗೆ. "ನಿಮ್ಮಿಷ್ಟ ಅಂತ ನಾನೇ ಅಂದಿದ್ನಲ್ಲ."

"ಏನಂದ್ರಿ? ಸ್ವಲ್ಪ ಬಿಡಿಸಿ ಹೇಳಿ..."

ಅವನಾಗಲೇ ನೊಗಕ್ಕೆ ಕೈ ಹಾಕಿದ್ದ.

ಒಂದು ವಾರವಾಯಿತು, ಬರಲಿಲ್ಲ. ಎರಡು ವಾರವಾಯಿತು. ಕೆಂಪಾಜಿ ದಾರ ಹರಿದಳು, ಸೂಜಿ ಮುರಿದಳು, ಅನ್ನ ಸೀಯಿಸಿದಳು. ನಾನೇನಂದೆ? ಯಾವ ಮಾತು ತಾಗಿತು? ಕೇಳೋಣವೆಂದರೆ ಮನುಷ್ಯನೇ ಇಲ್ಲ!

ಮೂರನೆಯ ವಾರ ಬೇರೆ ಗಾಡಿ ಬಂತು. ಹೊಡೆಯುವವನು ನಾಗ ಎಂಬ ನಡುವಯಸ್ಸಿನವನು.

"ಗುರುಸ್ವಾಮಿ ಎಲ್ಲಿ?" ಬೇಡಬೇಡವೆಂದರೂ ಬಾಯಿಂದ ಬಂದೇಬಿಟ್ಟಿತು.

"ಅವ ಈ ದಾರಿ ಬುಟ್ಬುಟ್ಟ ಕನಮ್ಮ. ಗೂಡಲೂರಲ್ಲಿ ಮರ ಸಾಗ್ಸೋ ಕೆಲ್ಸ ಹಿಡ್ದವ್ನೆ. ಹೊಲಾನೂ ಗುತ್ತಿಗೆಗೆ ಕೊಟ್ಬುಟ್ಟ. ಸೋಮಾರ ಸಂತೆ ಹುಣಸೆಮರದ ತಾವಿಂದ ಹೊರ್ಟ್ರೆ ಇನ್ನು ಈ ಕಡೀಕಿಲ್ಲ," ಎಂದು ಒಂದು ಸಣ್ಣ ಗಂಟು ಇಳಿಸಿದ. "ಇದು ವಸಂತಾಮಣಿ ಅಮ್ಮೋರ್ದು. ಹಸುರು ಸೀರೆ ಕಳಿಸ್ತೀನಿ ಅಂದು ಮರ್ತೇ ಹೋಗಿತ್ತಂತೆ. ಇದ್ರದ್ದೇ ಹಾಕ್ಬೇಕಂತೆ."

ಗಂಟಿನಲ್ಲಿ ಇದ್ದದ್ದು ಒಂದು ಹಳೆಯ, ಒಗೆದು ಒಗೆದು ಬಿಳಚಿದ ಹಸಿರು ಸೀರೆ.

ಕೆಂಪಾಜಿ ಅದನ್ನು ಹಿಡಿದುಕೊಂಡು ನಿಂತೇ ಇದ್ದಳು. ವಸಂತಾಮಣಿಯ ಹಸಿರು ಇದು. ಹಾಗಾದರೆ... ಅದು?

"ಅತ್ತೆಮ್ಮಾ!"

ಆ ಕೂಗಿಗೆ ಲಿಂಗಾಜಮ್ಮ ಗೋಡೆ ಹಿಡಿದು ಎದ್ದು ಬಂದಳು. ಸೊಸೆಯ ಕೈಲಿದ್ದ ಸೀರೆ ನೋಡಿ ಕುಸಿದು ಕೂತಳು.

"ನನ್ನ ಬೈಯಿ ಮಗ. ಬೈದ್ಬುಡು," ಎಂದಳು. "ಯುಗಾದಿ ದಿನ ಬಂದು ನನ್ನ ಕೇಳ್ದ. ನಿಮ್ಮ ಸೊಸೆಗೆ ಸೀರೆ ಕೊಡ್ಲಾ ಅಂದ. ಕೊಡಪ್ಪ, ಅವ್ಳು ಉಟ್ರೆ ಉಡ್ಲಿ ಅಂದೆ. ಅಂದ್ಬುಟ್ಟೆ ಕನವ್ವ... ಆಮೇಲೆ ನೀನು ಬಂದು ಯಾರ ಸೀರೆ ಅಂದೆ ನೋಡು, ಆಗ ಎದೆ ಒಡ್ದೋಯ್ತು. ನೀನೂ ಹೋದ್ರೆ ನಂಗ್ಯಾರು?"

"ಕತ್ರಿ ಹಾಕುವಾಗ್ಲೂ ಅಲ್ಲೇ ಕೂತಿದ್ರಿ!"

"ಕೂತಿದ್ದೆ. ಬಾಯಿ ಬುಡ್ನಿಲ್ಲ."

ಕೆಂಪಾಜಿಗೆ ಅಳು ಬರಲಿಲ್ಲ. ಅಳುವಿಗೂ ಮೀರಿದ ಸಿಟ್ಟು ಬಂತು. "ಅವ್ರು ನಿಮ್ಮ ಕೇಳಿದ್ರು. ನೀವು ಅವ್ರಿಗೆ ಹೂಂ ಅಂದ್ರಿ. ಇಬ್ರೂ ಸೇರಿ ಸೀರೇನ ಹಳೇ ಬಟ್ಟೆ ಗಂಟಲ್ಲಿ ಹಾಕಿದ್ರಿ! ಇವ್ಳಿಗೂ ಒಂದು ಬಾಯದೆ, ಇವ್ಳನ್ನೂ ಒಂದು ಮಾತು ಕೇಳಾನ ಅಂತ ಒಬ್ರಿಗೂ ಅನ್ನಿಸ್ನಿಲ್ವಾ?"

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಂದು ಶನಿವಾರ. ಸೋಮವಾರಕ್ಕೆ ಇದ್ದದ್ದು ಒಂದೂವರೆ ದಿನ. ಕೆಂಪಾಜಿ ಬಾಗಿಲ ಬೆಳಕಿಗೆ ಕೌದಿ ಹರವಿಕೊಂಡು ಕೂತು, ಸೂಜಿಯ ತುದಿಯಿಂದ ಹೊಲಿಗೆ ಎಬ್ಬಿಸತೊಡಗಿದಳು.

"ಏನು ಮಾಡ್ತಿದ್ದೀಯೆ?"

"ಬಿಚ್ತಿದ್ದೀನಿ. ಒಂಬತ್ತೂ ತುಂಡು ತೆಗ್ದು ಮತ್ತೆ ಸೀರೆ ಮಾಡ್ತೀನಿ."

"ಹುಚ್ಚಿ! ತುಂಡು ಹಾಕಿ ಹೊಲ್ದ ಸೀರೇನ ಉಡಿಕೆಗೆ ಯಾರಾದ್ರೂ ಉಡ್ತಾರಾ? ಒಳ್ಳೇದಲ್ಲ ಅಂತಾರೆ ಜನ."

"ಅನ್ಲಿ. ಕತ್ರಿಸ್ದೋಳು ನಾನು, ಉಡೋಳೂ ನಾನು."

ಲಿಂಗಾಜಮ್ಮ ತೆವಳಿಕೊಂಡು ಬಂದು ಕೌದಿಯ ಇನ್ನೊಂದು ತುದಿಯನ್ನು ಮಡಿಲಿಗೆ ಎಳೆದುಕೊಂಡಳು.

"ಕೊಡಿಲ್ಲಿ. ಕಣ್ಣು ಕಾಣಾಕಿಲ್ಲ, ಬೆರಳಿಗೆ ದಾರ ಸಿಗ್ತದೆ."

ಕೆಂಪಾಜಿ ಕೊಟ್ಟಳು. ಮುಖ ಮಾತ್ರ ಆಚೆ ತಿರುಗಿಸಿಕೊಂಡಳು. ಅಷ್ಟು ಬೇಗ ಆರುವ ಸಿಟ್ಟಲ್ಲ ಅದು.

ಭಾನುವಾರ ಸಂಜೆಗೆ ಎಂಟು ಜೋಡು ಹೊಲಿಗೆಯ ಸೀರೆ ಎದ್ದು ನಿಂತಿತು. ಹೊಲಿಗೆಗೆ ಸೇರಿ ಸೇರಿ ಗೇಣುದ್ದ ಕಮ್ಮಿಯಾಗಿತ್ತು. ಬಿಚ್ಚಿದ ಕಡೆಯೆಲ್ಲ ಸೂಜಿಯ ತೂತುಗಳು ಸಾಲು ಸಾಲಾಗಿ ಕಾಣುತ್ತಿದ್ದವು. ಐದು ವರ್ಷದಲ್ಲಿ ಇಷ್ಟು ಕೆಟ್ಟ ಕೆಲಸ ಅವಳ ಕೈಯಿಂದ ಹೊರಬಿದ್ದಿರಲಿಲ್ಲ.

ಸೋಮವಾರ ಬೆಳಗ್ಗೆ ಅದನ್ನೇ ಉಟ್ಟಳು. ನಿರಿಗೆ ನಾಲ್ಕೇ ಬಂದವು.

ಗಾಡಿಗಳು ನಿಲ್ಲುವ ಹುಣಸೆಮರದ ಕೆಳಗೆ ಸಂತೆಗೆ ಬಂದ ಜನವೆಲ್ಲ ಇತ್ತು. ಗುರುಸ್ವಾಮಿ ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತಿದ್ದ. ಮೊದಲು ಅವನಿಗೆ ಕಂಡದ್ದು ಹಸಿರು. ಆಮೇಲೆ ಕೆಂಪು ಅಂಚು. ಅಂಚು ಅಲ್ಲಲ್ಲಿ ತುಂಡಾಗಿ, ಕೂಡಿ, ಮತ್ತೆ ತುಂಡಾಗಿ... ತಲೆ ಎತ್ತಿದ.

ಹಗ್ಗ ಕೈಯಿಂದ ಜಾರಿತು.

"ಗೂಡಲೂರಿಗಾ?" ಎಂದಳು ಕೆಂಪಾಜಿ. ಏದುಸಿರು ಬರುತ್ತಿತ್ತು. "ಇದ್ನೂ ಹೇಳಾನ ಅಂತಿದ್ರಾ?"

"ಕೆಂಪಾಜಮ್ಮ... ಇದು... ನೀವು ಬ್ಯಾಡ ಅಂತ..."

"ನಾನು ಯಾವಾಗ ಬ್ಯಾಡ ಅಂದೆ? ವಸಂತಾಮಣಿ ಕಳಿಸಿದ್ದು ಅಂದ್ಕಂಡು ಕತ್ರಿ ಹಾಕ್ದೆ! ಊರೋರೆಲ್ಲ ನನ್ನ ಕೈಗೆ ಸೀರೆ ಕೊಡೋದು ಕತ್ರಿಸೋಕೆ. ನೀವೂ ಹಳೇ ಬಟ್ಟೆ ಜೊತೆ ಕಟ್ಟಿ ತಂದು, ನಿಮ್ಮಿಷ್ಟ ಅಂದು ಓಡೋದ್ರಿ. ನಂಗೆ ಹೆಂಗ್ ತಿಳೀಬೇಕು? ಹೆಂಗೆ?"

ಎರಡು ದಿನ ತಡೆದಿದ್ದ ಅಳು ಅಲ್ಲೇ, ಅಷ್ಟು ಜನರೆದುರು, ಬಂದುಬಿಟ್ಟಿತು.

ಗುರುಸ್ವಾಮಿ ಗಾಬರಿಯಾಗಿ ಹತ್ತಿರ ಬಂದ. ಮುಟ್ಟಲು ಕೈ ಚಾಚಿ, ಜನರನ್ನು ನೋಡಿ ಹಿಂದೆಗೆದ.

"ಅಳಬ್ಯಾಡಿ... ಹೊಸ ಸೀರೆ ತತ್ತೀನಿ. ಇದಕ್ಕಿಂತ ಚೆಂದದ್ದು ತತ್ತೀನಿ."

"ಸೀರೆ ಬ್ಯಾಡ. ಮಾತು ಬೇಕು. ಇವತ್ತು ಬಾಯಿ ಬುಟ್ಟು ಕೇಳ್ದೆ ಇದ್ರೆ ನಾನು ಹಿಂಗೇ ವಾಪಸ್ ಹೋಯ್ತೀನಿ."

ಅವನು ರುಮಾಲು ಬಿಚ್ಚಿದ, ಸುತ್ತಿದ. ಸಂತೆಯ ಜನ ಮೂಟೆ ಇಳಿಸಿ ಕಿವಿ ಕೊಟ್ಟರು.

"ನನ್ ಮನೆಗೆ... ಬತ್ತೀಯಾ ಕೆಂಪಾಜಿ?"

"ನಂಗೆ ಕೇಳಿಸ್ನಿಲ್ಲ."

"ನನ್ ಮನೆಗೆ ಬತ್ತೀಯಾ ಕೆಂಪಾಜೀ!" ಹುಣಸೆಮರದ ಗಿಳಿಗಳು ಎದ್ದು ಹಾರುವಷ್ಟು ಜೋರಾಗಿ ಕೂಗಿದ.

ಯಾರೋ ನಕ್ಕರು. ಕೆಂಪಾಜಿ ನಗಲಿಲ್ಲ. ಕಣ್ಣು ಒರೆಸಿಕೊಂಡಳು.

"ನಾನೊಬ್ಳೇ ಬರಾಕಿಲ್ಲ. ಅತ್ತೆಮ್ಮನ ಮೇಲೆ ನಂಗಿನ್ನೂ ಸಿಟ್ಟದೆ. ಆದ್ರೂ ಬುಟ್ಟು ಬರಾಕಿಲ್ಲ."

"ಅವ್ರನ್ನ ಬುಟ್ಟು ಬಾ ಅಂತ ನಾನ್ಯಾವಾಗ ಅಂದೆ? ಮೂರು ಜನಕ್ಕೂ ಅಂತ್ಲೇ ಮನೆಗೆ ಹೊಸ ಹುಲ್ಲು ಹೊದಿಸ್ದೆ. ಅವ್ರಿಗೂ ಹೇಳಾನ ಅಂತಿದ್ದೆ..."

ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕೇಳಿಸಿ ತಲೆ ತಗ್ಗಿಸಿದ.

"ಇನ್ಮೇಲೆ ಹೇಳಾನ ಅಂತಿದ್ದೆ ಅಂದ್ರೆ ಊಟ ಇಲ್ಲ," ಎಂದಳು ಕೆಂಪಾಜಿ. ಈಗ ಅವಳ ತುಟಿಯಲ್ಲಿ ನಗು ತಡೆಯದಾಯಿತು.

"ಹಂಗಾರೆ ಈಗ್ಲೇ ಒಂದು ಹೇಳ್ಬುಡ್ತೀನಿ."

"ಏನು?"

"ಈ ಸೀರೇಲಿ ನೀನು ಬಾಳ ಚೆಂದಾಗಿದ್ದೀಯೆ."

"ಸುಳ್ಳು! ಬರೀ ತೂತು."

"ತೂತೂ ಚೆಂದಾಗವೆ," ಎಂದು ಅವನು ಗಾಡಿಯನ್ನು ಗೂಡಲೂರು ದಾರಿಯಿಂದ ತಿರುಗಿಸಿ, ಅವಳು ಹತ್ತಲೆಂದು ನೊಗ ತಗ್ಗಿಸಿ ಹಿಡಿದ. "ಬಾ, ಅತ್ತೆಮ್ಮನ್ನ ಕರ್ಕಂಡು ಬರಾನ."