ನೀಲಿಗಟ್ಟಿದ ಪಿಟೀಲು

“ನಾಲ್ಕು ಗಂಟೆಯೊಳಗೆ ಆ ಹಾಳೆ ಮೇಜಿನ ಮೇಲಿರಬೇಕಂತೆ, ಅಮ್ಮ. ಇಲ್ದಿದ್ರೆ ಮಾವ ಪೊಲೀಸರನ್ನ ಕರೀತಾರೆ. ಕಳ್ಳಿ ಅನ್ನಿಸಿಕೊಂಡು ಆ ಮನೇಲಿ ಹೇಗಿರಲಿ?”

ಭಾನುವಾರ ಮಧ್ಯಾಹ್ನ ಎರಡೂವರೆಗೆ ಓಡಿ ಬಂದವಳು ಪಕ್ಕದ ಬೀದಿಯ ಪಿಟೀಲು ಮೇಷ್ಟ್ರ ಸೊಸೆ. ನನ್ನ ಸೋದರತ್ತೆಯದು ಕೆಳಗೆ ಕನ್ನಡಕದಂಗಡಿ, ಮೇಲೆ ಮನೆ. ಜನರ ಕಣ್ಣಿಗೆ ಗಾಜು ಕೂರಿಸುವುದರ ಜೊತೆಗೆ, ಅವರು ಕಳೆದುಕೊಂಡದ್ದನ್ನೂ ಅತ್ತೆ ಹುಡುಕಿಕೊಡುತ್ತಿದ್ದರು. ಡಿಗ್ರಿ ಮುಗಿಸಿ ಅವರ ಜೊತೆಗಿದ್ದ ನಾನು ನಡೆದದ್ದನ್ನೆಲ್ಲ ಡೈರಿಗೆ ಇಳಿಸುತ್ತಿದ್ದೆ. ಹೊಸಬರೆದುರು ನನಗೆ ಬಾಯಿ ಬರುವುದಿಲ್ಲ. ನೀರು ಕೊಟ್ಟು ಬಾಗಿಲ ಪಕ್ಕ ನಿಂತೆ.

ಮೇಷ್ಟ್ರು ಪಿಟೀಲು ಮಾಡುವುದನ್ನು ಪ್ರತಿ ಭಾನುವಾರ ಹನ್ನೊಂದಕ್ಕೆ ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುವ ಏರ್ಪಾಡು ಸೊಸೆಯದೇ. ಮೊದಮೊದಲು ಚಿತ್ರ ಎಷ್ಟು ಮಸುಕೆಂದರೆ, ನೋಡುವವರು ಅದು ಪಿಟೀಲೋ ಸೋರೆಕಾಯೋ ಎಂದು ಗೇಲಿ ಮಾಡಿದ್ದರಂತೆ. ಅವಳು ಹಠ ಹಿಡಿದು ವೈಫೈ ಬಿಟ್ಟು ಕೇಬಲ್ ಎಳೆಸಿದಳು, ಎರಡು ದೀಪ ನಿಲ್ಲಿಸಿದಳು, ಒಳ್ಳೆಯ ಕ್ಯಾಮೆರಾ ತಂದಳು. ಮರದ ಎಳೆ ಎಳೆಯೂ ಕಾಣತೊಡಗಿದ ಮೇಲೆ ಶಿಷ್ಯರು ಹುಡುಕಿಕೊಂಡು ಬಂದರು.

ಕಳೆದದ್ದು ಪಿಟೀಲಿಗೆ ಹಚ್ಚುವ ವಾರ್ನಿಶ್ ಬೆರೆಸುವ ಅಳತೆಗಳ ಹಾಳೆ. ಮೇಷ್ಟ್ರ ತಂದೆ ಕೈಯಾರೆ ಬರೆದದ್ದು, ಇರುವುದು ಅದೊಂದೇ. ಹತ್ತು ಗಂಟೆಗೆ ಮೇಷ್ಟ್ರೇ ಅದನ್ನು ಡ್ರಾಯರಿನಲ್ಲಿ ನೋಡಿದ್ದರು. ಹನ್ನೆರಡೂವರೆಗೆ ಪ್ರಸಾರ ಮುಗಿದಾಗ ಇರಲಿಲ್ಲ. ಯಾರೂ ಹೊರಗೆ ಹೋಗುವ ಮೊದಲೇ ಎಲ್ಲರ ಜೇಬು, ಚೀಲ, ಕಪಾಟು ಜಾಲಾಡಿ ಕೆಲಸದ ಕೋಣೆಗೆ ಬೀಗ ಹಾಕಿದ್ದರು. ಪ್ರಸಾರಕ್ಕೆ ಮುಂಚೆ ಅಷ್ಟೂ ಹೊತ್ತು ಅಲ್ಲಿದ್ದವಳು ಸೊಸೆಯೊಬ್ಬಳೇ.

ಬೇರೆ ಯಾರು ಬಂದಿದ್ದರು ಎಂದು ಅತ್ತೆ ಕೇಳಿದರು. ಮೇಷ್ಟ್ರ ತಮ್ಮ ಒಂದು ಸ್ಟೂಲು ತಂದಿಟ್ಟು ಹೋಗಿದ್ದರು. ಆ ಅಳತೆಗಳನ್ನು ಯಾವುದಾದರೂ ಕಂಪನಿಗೆ ಮಾರೋಣ ಎಂದು ವರ್ಷದಿಂದ ಅಣ್ಣನ ತಲೆ ತಿನ್ನುತ್ತಿದ್ದವರು ಅವರೇ. ಆಮೇಲೆ ಬಂದದ್ದು ಮೂವತ್ತು ವರ್ಷದಿಂದ ಅಲ್ಲಿ ದುಡಿಯುತ್ತಿರುವ ಕೆಲಸಗಾರ ದೊಡ್ಡಣ್ಣ.

“ನಾನು ಮೇಜಿನ ಕೆಳಗೆ ಕೂತು ಕೇಬಲ್ ಕಟ್ತಿದ್ದೆ. ಎದ್ದಾಗ ದೊಡ್ಡಣ್ಣ ನಿಂತಿದ್ರು. ಕಾಗದ ತೋರಿಸಿ ಅಂದೆ, ಗುಂಡಿ ಒತ್ತಿದೆ. ಅಷ್ಟರಲ್ಲಿ ಎಲ್ಲರೂ ಬಂದ್ರು.”

“ಯಾವ ಕಾಗದ?”

ಗೋಡೆಯ ಕ್ಲಿಪ್ಪಿಗೆ ಒಂದು ಬಿಳಿ ರಟ್ಟು ತೂಗುಹಾಕಿರುತ್ತದಂತೆ, ಅದನ್ನೇ ಅವರು ಕಾಗದ ಎನ್ನುವುದು. ದಿನ ದಿನಕ್ಕೂ ಬೆಳಕು ಬೇರೆಯಾಗುವುದರಿಂದ, ಶುರುವಿಗೆ ಮುಂಚೆ ಅದನ್ನು ಕ್ಯಾಮೆರಾಕ್ಕೆ ತೋರಿಸಿ ಇದೇ ಬಿಳಿ ಎಂದು ಗೊತ್ತುಮಾಡಿಕೊಡಬೇಕು. ಆಗಲೇ ಉಳಿದ ಬಣ್ಣಗಳು ಸರಿ ಬರುವುದು. ಅವಳ ಕಣ್ಣು ಪರದೆಯ ಮೇಲೆಯೇ ಇರುತ್ತದೆ. ಅಲ್ಲಿ ಕಾಣುವುದು ಕಾಗದ ಮಾತ್ರ, ಗುಂಡಿ ಒತ್ತುವ ತನಕ ಅದರ ಬಣ್ಣವೂ ಸರಿಯಿರುವುದಿಲ್ಲ.

“ಇವತ್ತು ಚಿತ್ರ ಹೇಗೆ ಬಂತು?”

ಅವಳ ಕಣ್ಣು ತುಂಬಿತು. “ಅದೂ ಕೆಟ್ಟಿತ್ತು. ನಿನ್ನ ಗಮನ ಬೇರೆಲ್ಲೋ ಇತ್ತು, ಇನ್ನೇನು ಸಾಕ್ಷಿ ಬೇಕು ಅಂದ್ರು ಮಾವ.”

ಬೆಳಗಿನ ಪ್ರಸಾರವನ್ನು ನಾನೂ ನೋಡಿದ್ದೆ. ಮಾತಾಡಲಾಗದೆ ಡೈರಿಯ ಪುಟವನ್ನೇ ಅತ್ತೆಯ ಮುಂದಿಟ್ಟೆ: ‘ಇವತ್ತು ಪಿಟೀಲು ಬೆಳದಿಂಗಳಲ್ಲಿಟ್ಟ ಹಾಗಿತ್ತು. ಮೇಷ್ಟ್ರ ಅಂಗಿ ನೀಲಿ ಜಾಸ್ತಿ ಹಾಕಿ ಒಗೆದಂತೆ.’

“ಶುರುವಿನಿಂದಲೂ ಹೀಗೇ ಇತ್ತಾ?”

ತಲೆಯಾಡಿಸಿದೆ. ಅತ್ತೆ ಎದ್ದರು. “ಚಪ್ಪಲಿ ಹಾಕ್ಕೋ, ಪುಟ್ಟಿ.”

ಮೂರೂವರೆಗೆ ಮೇಷ್ಟ್ರು ಕೋಣೆಯ ಬೀಗ ತೆಗೆದರು. ಮರದ ಹೊಟ್ಟು, ಅಂಟಿನ ವಾಸನೆ. ಫೋನು ಅವರ ಕೈಯಲ್ಲೇ ಇತ್ತು.

“ಕನ್ನಡಕ ಮಾರೋರಿಗೆ ಕಳ್ಳರೂ ಕಾಣ್ತಾರಾ?” ಎಂದರು ಮೇಷ್ಟ್ರ ತಮ್ಮ.

“ನಿಮ್ಮ ಕನ್ನಡಕದ ನಂಬರ್ ಹೆಚ್ಚಾಗಿದೆ. ನಾಳೆ ಅಂಗಡಿಗೆ ಬನ್ನಿ,” ಎಂದು ಅತ್ತೆ ದೊಡ್ಡಣ್ಣನತ್ತ ತಿರುಗಿದರು.

“ಕಾಗದ ಹಿಡಿದೋನು ನಾನೇ,” ಎಂದ ಆತ. “ಸರಿಯಾಗೇ ಹಿಡಿದಿದ್ದೆ. ಗುಂಡಿ ಒತ್ತೋಳ ಕೈ ನಡುಗ್ತಿದ್ರೆ ನಾನೇನು ಮಾಡ್ಲಿ?”

ದೀಪಗಳು ಬೆಳಗಿನವೇ, ಅದೇ ಜಾಗದಲ್ಲಿ. ಅತ್ತೆ ತಮ್ಮ ಚೀಲದಿಂದ ಅಂಗಡಿಯ ಹಳೆಯ ರಸೀತಿಯೊಂದನ್ನು ತೆಗೆದು, ಅದರ ಹಳದಿಗಟ್ಟಿದ ಖಾಲಿ ಬೆನ್ನನ್ನು ಕ್ಯಾಮೆರಾಕ್ಕೆ ಹಿಡಿದರು. ಸೊಸೆ ಗುಂಡಿ ಒತ್ತಿದಳು. ಪರದೆಯಲ್ಲಿ ರಸೀತಿ ಬೆಳ್ಳಗಾಯಿತು. ಅದನ್ನು ಸರಿಸಿದಾಗ ಮೇಷ್ಟ್ರ ಅಂಗಿ, ಪಿಟೀಲು, ಗೋಡೆ ಎಲ್ಲ ನೀಲಿ.

“ಬೆಳಿಗ್ಗೆಯೂ ಹೀಗೇ ಇತ್ತು,” ಎಂದೆ. ಅದು ನನ್ನದೇ ದನಿ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

“ಕ್ಯಾಮೆರಾಕ್ಕೆ ಕಣ್ಣಿದೆ, ಬುದ್ಧಿ ಇಲ್ಲ,” ಎಂದರು ಅತ್ತೆ. “ತೋರಿಸಿದ್ದನ್ನೇ ಬಿಳಿ ಅಂತ ನಂಬುತ್ತೆ. ಹಳದೀನ ಬಿಳಿ ಮಾಡೋಕೆ ಹೋಗಿ ಎಲ್ಲದಕ್ಕೂ ನೀಲಿ ಬೆರೆಸುತ್ತೆ. ಅಂದ್ರೆ ಬೆಳಿಗ್ಗೆ ಅದರ ಮುಂದೆ ಇದ್ದದ್ದು ಈ ಬಿಳಿ ರಟ್ಟಲ್ಲ, ಹಳೇ ಕಾಗದ. ಮೇಷ್ಟ್ರೇ, ನಿಮ್ಮ ತಂದೆ ಹಾಳೆಯ ಎರಡೂ ಕಡೆ ಬರೆದಿದ್ರಾ?”

“ಒಂದೇ ಕಡೆ,” ಎಂದರು ಮೇಷ್ಟ್ರು ಮೆಲ್ಲಗೆ.

“ಕೋಣೆ ಖಾಲಿ ಅಂದುಕೊಂಡು ತೆಗೆದದ್ದು. ಮೇಜಿನ ಕೆಳಗಿಂದ ಸೊಸೆ ಎದ್ದು ಕಾಗದ ತೋರಿಸಿ ಅಂದಳು. ಹಾಳೆ ಕೈಯಲ್ಲೇ ಇತ್ತು. ಮಡಚಿದ್ರೆ ಅನುಮಾನ. ಖಾಲಿ ಬೆನ್ನು ತೋರಿಸಿದ್ದಾಯ್ತು. ಅಷ್ಟರಲ್ಲಿ ಎಲ್ಲರೂ ಒಳಗೆ ಬಂದ್ರು. ತೋರಿಸಿದ ಕಾಗದ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯ್ತು.” ಅತ್ತೆ ಗೋಡೆಯತ್ತ ನೋಡಿದರು. “ದೊಡ್ಡಣ್ಣ, ಆ ರಟ್ಟು ತೆಗೆದು ತೋರಿಸಪ್ಪ.”

ದೊಡ್ಡಣ್ಣ ಅಲುಗಲಿಲ್ಲ. ಮೇಷ್ಟ್ರೇ ಹೋಗಿ ಕ್ಲಿಪ್ಪು ಒತ್ತಿದರು. ಬಿಳಿ ರಟ್ಟಿನ ಹಿಂದಿನಿಂದ ಹಳದಿ ಹಾಳೆ ಜಾರಿ ನೆಲಕ್ಕೆ ಬಿತ್ತು.

“ಕೇಳಿದ್ರೆ ಕೊಡ್ತಿರಲಿಲ್ವೇನೋ?” ಎಂದರು ಮೇಷ್ಟ್ರು.

“ಎರಡು ಸಲ ಕೇಳಿದೆ. ನಕ್ಕುಬಿಟ್ರಿ,” ಎಂದ ದೊಡ್ಡಣ್ಣ. “ಮೂವತ್ತು ವರ್ಷ ವಾರ್ನಿಶ್ ಹಚ್ಚಿದೆ. ಬೆರೆಸೋದನ್ನ ಒಂದು ದಿನಾನೂ ತೋರಿಸಲಿಲ್ಲ.”

ಸೊಸೆಯ ಮುಖವನ್ನು ಮಾತ್ರ ಅವನು ನೋಡಲಾರದೆ ಹೋದ. ಏಪ್ರನ್ ಬಿಚ್ಚಿ ಸ್ಟೂಲಿನ ಮೇಲಿಟ್ಟು ಮೆಟ್ಟಿಲಿಳಿದ. ಗಡಿಯಾರ ನಾಲ್ಕು ಹೊಡೆಯಿತು. ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡರು.

ಪರದೆಯಲ್ಲಿ ಕೋಣೆ ಇನ್ನೂ ನೀಲಿಯಾಗಿಯೇ ಇತ್ತು. ಸೊಸೆ ಕ್ಯಾಮೆರಾದ ಹಿಂದೆ ಹೋಗಿ ನಿಂತು ಹೇಳಿದಳು: “ಮಾವ, ಕಾಗದ ತೋರಿಸಿ.”

ಮೇಷ್ಟ್ರು ಬಿಳಿ ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅವರ ಮುಖ ಅದರ ಹಿಂದೆ ಮರೆಯಾಯಿತು. ಅಲ್ಲಿಂದಲೇ ದನಿ ಬಂತು: “ತಪ್ಪಾಯ್ತಮ್ಮ.”

ಅವಳು ಗುಂಡಿಯ ಮೇಲೆ ಬೆರಳಿಟ್ಟಳು.

“ಅಲುಗಾಡಿಸಬೇಡಿ, ಮಾವ,” ಎಂದಳು. “ಸ್ವಲ್ಪ ಕೆಳಗೆ ಹಿಡೀರಿ. ಮುಖ ಕಾಣ್ತಿಲ್ಲ.”