ಕೆಸರು ಬಣ್ಣದ ಗಿಳಿ

ಗಿಳಿಗಳೆಲ್ಲ ಕೆಸರಲ್ಲಿ ಹೊರಳಿ ಎದ್ದು ಬಂದಂತಿದ್ದವು. ಮಕ್ಕಳ ಹಕ್ಕಿ ಪುಸ್ತಕಕ್ಕೆಂದು ಅಚ್ಚಾದ ಐದು ಸಾವಿರ ರಕ್ಷಾಪುಟಗಳು ಮುದ್ರಣಾಲಯದ ಉದ್ದ ಮೇಜಿನ ಮೇಲೆ ಬಿದ್ದಿದ್ದವು. ಒಂದರಲ್ಲೂ ಹಸಿರೆಂಬ ಹಸಿರಿರಲಿಲ್ಲ.

"ಸಂಜೆ ಯಜಮಾನಿಯವರು ಬರ್ತಾರೆ. ಅಷ್ಟರಲ್ಲಿ ಬಣ್ಣದ ಮೇಜು ಬಿಟ್ಟುಕೊಡಿ," ಎಂದರು ಮ್ಯಾನೇಜರು. "ಇಪ್ಪತ್ತೆರಡು ವರ್ಷ ಆಯ್ತು, ಕಣ್ಣಿಗೂ ವಯಸ್ಸಾಗುತ್ತೆ. ನಾಳೆಯಿಂದ ನಮ್ಮ ಚಿತ್ರಗಾರ ಅಲ್ಲಿ ಕೂರ್ತಾನೆ."

ಬಣ್ಣದಮ್ಮ ಒಂದು ರಕ್ಷಾಪುಟ ಎತ್ತಿ ನೋಡಿ ಕೆಳಗಿಟ್ಟರು. ಅಚ್ಚಿಗೆ ಹೋಗುವ ಪ್ರತಿ ಚಿತ್ರದ ಬಣ್ಣ ಹದ ಮಾಡುವವರು ಅವರೇ. ಆ ಕೆಲಸವೇ ಅವರ ಹೆಸರಾಗಿ ಹೋಗಿತ್ತು. "ನನ್ನ ಕಣ್ಣು ಸರಿಯಾಗೇ ಇದೆ. ಡಾಕ್ಟರಿಗೂ ತೋರಿಸಿ ಬಂದೆ. ಆ ಸ್ಕ್ರೀನೇ ಸುಳ್ಳು ಹೇಳ್ತಿದೆ. ಅದು ಹಸಿರು ಜಾಸ್ತಿ ತೋರಿಸಿದ್ರೆ ನಾನು ಇಳಿಸ್ತೀನಿ ತಾನೇ?"

"ಕುಣಿಯಲಾರದವಳಿಗೆ ನೆಲ ಡೊಂಕು!" ಮ್ಯಾನೇಜರು ಸ್ಕ್ರೀನಿನ ಬೆನ್ನು ತಿರುಗಿಸಿದರು. "ಒಂಬತ್ತನೇ ನಂಬರಿನ ಚೀಟಿ, ನಿಮ್ಮದೇ. ಇದು ಸಾಲದಾ? ಪಟ್ಟಿಯಕ್ಕನ ಪಟ್ಟಿ ನೋಡಿ, ಅದೂ ನಿಮ್ಮದೇ ಅನ್ನುತ್ತೆ."

ಕರಡು ತಿದ್ದುವ ಅಲ್ಪವಿರಾಮನಿಗೆ ತಡೆಯಲಾಗಲಿಲ್ಲ. ಮಾತುಮಾತಿಗೂ ನಿಲ್ಲುತ್ತಾನೆಂದು ಆ ಅಡ್ಡಹೆಸರು ಬಿದ್ದಿದ್ದರೂ, ಅಂದು ಎಲ್ಲೂ ನಿಲ್ಲದೆ ಮಹಡಿ ಹತ್ತಿದ. ಅಲ್ಲಿನ ಕಿರುಕೋಣೆಯಲ್ಲಿ ಕೂತು ಮುದ್ರಣಾಲಯದ ನಲವತ್ತೂ ಕಂಪ್ಯೂಟರುಗಳ ಯೋಗಕ್ಷೇಮ ನೋಡುವವಳೇ ಪಟ್ಟಿಯಕ್ಕ. ಕಳೆದುಹೋದ ಬೀಗದ ಕೈಯಿಂದ ಹಿಡಿದು ಕಳುವಾದ ಕೊಡೆಯವರೆಗೆ ಏನೇ ಇದ್ದರೂ ಜನ ಅವಳ ಬಾಗಿಲು ತಟ್ಟುತ್ತಿದ್ದರು. ಅಂಥ ಪತ್ತೆಗಳಲ್ಲೆಲ್ಲ ಅಲ್ಪವಿರಾಮ ಅವಳ ಬಲಗೈ.

"ಅಕ್ಕಾ, ನಿನ್ನ ಪಟ್ಟಿ ಬಣ್ಣದಮ್ಮನ ಅನ್ನಕ್ಕೇ ಕಲ್ಲು ಹಾಕ್ತಿದೆ!"

ಅವಳು ಕತೆಯೆಲ್ಲ ಕೇಳಿ ಪಟ್ಟಿ ತೆರೆದಳು. ಯಾವ ಕಂಪ್ಯೂಟರು, ಎಷ್ಟು ಹಳೆಯದು ಎಂಬ ಮಾಮೂಲಿ ವಿವರ ತಾನಾಗಿಯೇ ಬರುತ್ತಿತ್ತು. ಸ್ಕ್ರೀನಿನ ವಿಷಯ ಬರುತ್ತಿರಲಿಲ್ಲ. ಅದಕ್ಕೆಂದೇ ಅವಳು ಹಿಂದಿನ ವರ್ಷ ಕಂಪ್ಯೂಟರಿಗೆ ಆಜ್ಞೆ ಕೊಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿದ್ದಳು. ಅದು ದಿನಕ್ಕೊಮ್ಮೆ ಪ್ರತಿ ಕಂಪ್ಯೂಟರಿಗೂ ಹೋಗಿ, "ನಿನಗೆ ಕಟ್ಟಿರುವ ಸ್ಕ್ರೀನಿನ ಅಂಕೆ ಏನಪ್ಪ?" ಎಂದು ಕೇಳಿ ಉತ್ತರ ತರುತ್ತಿತ್ತು. ಚೀಟಿಯ ಅಂಕೆಯಲ್ಲ, ತಯಾರಕರು ಸ್ಕ್ರೀನಿನ ಹೊಟ್ಟೆಯೊಳಗೇ ಬರೆದಿಟ್ಟ, ಯಾರ ಉಗುರಿಗೂ ಸಿಗದ ಅಂಕೆ.

ಅಲ್ಪವಿರಾಮ ಬಗ್ಗಿ ನೋಡಿದ. ಬಣ್ಣದಮ್ಮನ ಸಾಲಿನಲ್ಲಿ ಅವರ ಸ್ಕ್ರೀನಿನ ಅಂಕೆಯೇ ಇತ್ತು.

"ಮುಗೀತು ಬಿಡು," ಎಂದ.

"ಕರಡು ತಿದ್ದೋನು ಸಾಲಿನ ಕೊನೇತನಕ ಓದಬೇಡ್ವೇನೋ?" ಎಂದಳು ಪಟ್ಟಿಯಕ್ಕ.

ಸಾಲಿನ ಕೊನೆಯಲ್ಲಿ ತಾರೀಕಿತ್ತು. ಹನ್ನೆರಡು ದಿನ ಹಿಂದಿನದು.

ಅವಳು ಇನ್ನೇನೂ ಹೇಳದೆ ಕೆಳಗಿಳಿದು ಬಣ್ಣದಮ್ಮನನ್ನು ಒಂದೇ ಪ್ರಶ್ನೆ ಕೇಳಿದಳು. "ಸಂಜೆ ಹೋಗುವಾಗ ಕಂಪ್ಯೂಟರ್ ಹಾಗೇ ಬಿಟ್ಟು ಹೋಗ್ತೀರಾ?"

"ಛೆ! ಗೋಡೆಯ ಸ್ವಿಚ್ಚೇ ಆರಿಸ್ತೀನಿ. ಅಪ್ಪ ಕಲಿಸಿದ ಅಭ್ಯಾಸ, ಮನೇಲೂ ಹಾಗೇ."

ಪಟ್ಟಿಯಕ್ಕ ಮುಗುಳ್ನಕ್ಕು ಮಹಡಿಗೆ ಮರಳಿ ಸ್ಕ್ರಿಪ್ಟನ್ನು ಆ ಕ್ಷಣವೇ ಮತ್ತೆ ಓಡಿಸಿದಳು. ಉತ್ತರಗಳು ಒಂದೊಂದಾಗಿ ಬಂದು ಕೂತವು. ಅಲ್ಪವಿರಾಮ ಎಣಿಸಿದ: ಮೂವತ್ತೊಂಬತ್ತು.

ಐದಕ್ಕೆ ಯಜಮಾನಿಯವರು ಬಂದರು. ಎಲ್ಲರೂ ಉದ್ದ ಮೇಜಿನ ಸುತ್ತ ನೆರೆದರು. ಚಿತ್ರಗಾರ ಹೊಸ ಮೇಜಿಗೆಂದು ಬಣ್ಣದ ಡಬ್ಬಿ ಸಹಿತ ಸಿದ್ಧನಾಗಿ ನಿಂತಿದ್ದ. ಕೆಲವರ ಕಣ್ಣು ಅವನ ಮೇಲೇ ಇತ್ತು.

"ಅವನನ್ನ ಯಾಕೆ ನುಂಗೋ ಹಾಗೆ ನೋಡ್ತೀರಿ?" ಎಂದಳು ಪಟ್ಟಿಯಕ್ಕ. "ಅವನ ಸ್ಕ್ರೀನು ಅವನ ಹತ್ರಾನೇ ಇದೆ. ಈಗ ತಾನೇ ಕೇಳಿದೆ. ಆದರೆ ಬಣ್ಣದಮ್ಮನ ಮೇಜಿನ ಮೇಲಿರೋದು ಅವರದ್ದಲ್ಲ. ಮೇಲಿನ ಚೀಟಿ ಒಂಬತ್ತು, ಒಳಗಿನ ಅಂಕೆ ಬೇರೆ. ಕಪ್ಪು ಚೌಕಟ್ಟು ಎರಡಕ್ಕೂ ಒಂದೇ ಥರ, ಅದಲುಬದಲು ಮಾಡಿದ್ರೆ ಗೊತ್ತಾಗಲ್ಲ."

"ಪಟ್ಟಿಯಲ್ಲಿ ಅವರದೇ ಇತ್ತಲ್ಲ!" ಮ್ಯಾನೇಜರು ಗುಡುಗಿದರು.

"ಪಟ್ಟಿ ಸುಳ್ಳು ಹೇಳಲಿಲ್ಲ ಸಾರ್, ಹಳೇ ನಿಜ ಹೇಳಿತು. ಹೊಸ ಉತ್ತರ ಸಿಗೋವರೆಗೆ ಅದು ಹಳೇದನ್ನೇ ಹಿಡ್ಕೊಂಡಿರುತ್ತೆ. ಮೊದಲು ಹತ್ತು ಗಂಟೆಗೆ ಓಡ್ತಿದ್ದ ಸ್ಕ್ರಿಪ್ಟನ್ನ ಬೆಳಗಿನ ಆರಕ್ಕೆ ಹಾಕು ಅಂದವರು ನೀವು. ಉಳಿದವರು ರಾತ್ರಿ ಆರಿಸದೆ ಹೋಗೋದ್ರಿಂದ ಆರಕ್ಕೂ ಅವೆಲ್ಲ ಎದ್ದಿರ್ತವೆ. ಗೋಡೆಯ ಸ್ವಿಚ್ ಆರಿಸಿದ್ದು ಒಂದೇ, ಅದು ಬಣ್ಣದಮ್ಮನದು. ಹನ್ನೆರಡು ದಿನದಿಂದ ಅದನ್ನ ಮಾತಾಡಿಸಿದವರೇ ಇಲ್ಲ."

ಪಟ್ಟಿಯಕ್ಕ ಮ್ಯಾನೇಜರ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಹಾಗಾದ್ರೆ ಅವರ ಸ್ಕ್ರೀನ್ ಎಲ್ಲಿ? ಮೂವತ್ತೊಂಬತ್ತು ಕಂಪ್ಯೂಟರು ಉತ್ತರ ಕೊಟ್ಟವು. ಯಾವುದರಲ್ಲೂ ಅದಿಲ್ಲ. ಇಲ್ಲಿರೋದು ನಲವತ್ತು. ಸ್ಕ್ರಿಪ್ಟಿನ ಹೊತ್ತು ಬದಲಿಸು ಅಂದ ದಿನವೇ, ಅದೇ ಉಸಿರಲ್ಲಿ, 'ನನ್ನ ಕಂಪ್ಯೂಟರು ನಿಧಾನ ಆಗುತ್ತೆ, ಪಟ್ಟಿಯಿಂದ ತೆಗಿ' ಅಂದದ್ದು ಯಾರು ಸಾರ್?" ಅವಳು ಹಳೆಯ ಪಟ್ಟಿಯ ಅಚ್ಚುಪ್ರತಿ ಮೇಜಿನ ಮೇಲಿಟ್ಟಳು. "ಇಲ್ಲಿದೆ ನೋಡಿ, ನಿಮ್ಮ ಕೋಣೆಯ ಸ್ಕ್ರೀನಿನ ಹಳೇ ಅಂಕೆ. ಇವತ್ತು ಬಣ್ಣದಮ್ಮನ ಮೇಜಿಂದ ಬಂದ ಅಂಕೆ ಇದೇ. ಚೀಟಿ ಕಿತ್ತು ಅಂಟಿಸಿದ್ರಿ. ಹೊಟ್ಟೆಯೊಳಗೆ ಕೈ ಹಾಕೋಕಾಗಲಿಲ್ಲ."

ಯಜಮಾನಿಯವರು ಕನ್ನಡಕ ತೆಗೆದರು. "ಯಾಕ್ರೀ?"

ಮ್ಯಾನೇಜರ ಮುಖ ಕೆಸರು ಗಿಳಿಯಂತಾಯಿತು. "ಗಿರಾಕಿಗಳಿಗೆ ಚಿತ್ರ ತೋರಿಸುವಾಗ ಚೆನ್ನಾಗಿ ಕಾಣಲಿ ಅಂತ... ಅಚ್ಚು ಕೆಟ್ಟ ಮೇಲೆ ಬಾಯಿ ಬಿಡೋ ಧೈರ್ಯ ಬರಲಿಲ್ಲ."

"ಅದಕ್ಕೆ ಇವರ ಕಣ್ಣೇ ಕೀಳೋಕೆ ಹೊರಟ್ರಿ. ಹೋಗಿ, ಆ ಸ್ಕ್ರೀನ್ ನೀವೇ ಹೊತ್ತು ತನ್ನಿ. ಆಮೇಲೆ ನನ್ನ ಕೋಣೆಗೆ ಬನ್ನಿ."

ಮ್ಯಾನೇಜರು ಎಲ್ಲರ ಕಣ್ಣೆದುರು ಅದನ್ನು ಎದೆಗವಚಿಕೊಂಡು ತಂದರು. ಚಿತ್ರಗಾರನೇ ಓಡಿಹೋಗಿ ತಂತಿ ಸಿಕ್ಕಿಸಿ, "ಕೂತ್ಕೊಳ್ಳಿ ಅಮ್ಮಾ," ಎಂದು ಕುರ್ಚಿ ಎಳೆದ. ಬಣ್ಣದಮ್ಮ ಗಿಳಿಯನ್ನು ಒಮ್ಮೆ ದಿಟ್ಟಿಸಿ, "ಅಯ್ಯೋ ಪಾಪ, ಎಷ್ಟು ಸೊರಗಿದ್ದೀಯೋ," ಎಂದು ಹಸಿರು ಏರಿಸಿದರು. ಯಂತ್ರ ಮತ್ತೆ ಗಡಗಡಿಸಿತು. ಮೊದಲ ಹಾಳೆ ಹೊರಬಂದಾಗ ಗಿಳಿ ಈಗಷ್ಟೇ ಚಿಗುರಿದ ಎಲೆಯಂತೆ ಹೊಳೆಯುತ್ತಿತ್ತು. ಯಜಮಾನಿಯವರು ಆ ಹಾಳೆಯನ್ನು ಬಣ್ಣದಮ್ಮನ ಕೈಗೇ ಕೊಟ್ಟು, "ಈ ಮೇಜು ನೀವಾಗಿ ಬಿಡೋವರೆಗೂ ನಿಮ್ಮದು," ಎಂದರು.

ಎಲ್ಲರೂ ಹೊರಟಾಗ ಬಣ್ಣದಮ್ಮನ ಕೈ ತಾನಾಗಿ ಗೋಡೆಯ ಸ್ವಿಚ್ಚಿನತ್ತ ಹೋಗಿ, ನೆನಪಾಗಿ, ಅರ್ಧದಲ್ಲೇ ನಿಂತಿತು. "ಇನ್ಮೇಲೆ ಆರಿಸಬಾರದಾ?" ಎಂದು ಅಲ್ಪವಿರಾಮನ ಮುಖ ನೋಡಿದರು.

"ಆರಿಸಿ ಅಮ್ಮಾ. ಅಕ್ಕ ಸ್ಕ್ರಿಪ್ಟನ್ನ ಆಗಲೇ ಮತ್ತೆ ಹತ್ತು ಗಂಟೆಗೆ ಹಾಕಿದ್ದಾಳೆ," ಎಂದ ಅವನು, ಒಂದೇ ಉಸಿರಿಗೆ.

ಬಣ್ಣದಮ್ಮ ಹಸಿರು ಗಿಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಸ್ವಿಚ್ಚನ್ನು ಟಪ್ಪನೆ ಆರಿಸಿದರು.